ಬಿಟ್ಟದ್ದು ನೀರನ್ನೋ, ಅವ್ವನನ್ನೋ

“ಡಿಸ್ಚಾರ್ಜ್ ಇದೆಯಾ ಅಜ್ಜಿ?” ಎಂದು ಡಾಕ್ಟರು ಕೇಳಿದ್ದೇ ತಡ, ಅವ್ವ ಮಂಚದ ಮೇಲೆ ಎದ್ದು ಕೂತಳು.

“ಐತ್ರಿ ಸಾಹೇಬ್ರ, ಐತ್ರಿ!”

“ಇವತ್ತೂ ಇದೆಯಾ?”

“ಹೂಂನ್ರಿ, ಇವತ್ತ ಐತ್ರಿ. ಭಾಳ ಚಲೋ ಆತ್ರಿ, ನಿಮ್ಮ ಹೊಟ್ಟಿ ತಣ್ಣಗಿರಲಿ.”

ಡಾಕ್ಟರು ಮೈಸೂರು ಕಡೆಯ ಹುಡುಗ. ಘಟಪ್ರಭಾದ ಆ ದವಾಖಾನೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಗಾಯದಿಂದ ಕೀವು ಬರುತ್ತಿದೆಯೇ ಎಂದು ಆತ ಕೇಳಿದ್ದ. ಮನೆಗೆ ಕಳಿಸುತ್ತಾರೆ ಎಂದು ಅವ್ವ ತಿಳಿದಿದ್ದಳು. ನಾನು ಬಿಸಿನೀರಿನ ಥರ್ಮಾಸ್ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಆತ ಹುಬ್ಬು ಗಂಟಿಕ್ಕಿ, ಇಂಜೆಕ್ಷನ್ ಬದಲಿಸಿ, ಇನ್ನಷ್ಟು ದಿನ ಇಲ್ಲೇ ಇರಲಿ ಎಂದು ನರ್ಸ್‌ಗೆ ಹೇಳಿ ಮುಂದಿನ ಮಂಚಕ್ಕೆ ಹೋಗಿಯಾಗಿತ್ತು. ಅವ್ವ ಮಾತ್ರ ದಿಂಬಿನ ಕೆಳಗಿನ ವಿಭೂತಿ ಗಟ್ಟಿ, ಬಾಚಣಿಕೆ ಎಲ್ಲ ತೆಗೆದು ಚೀಲಕ್ಕೆ ತುಂಬುತ್ತಿದ್ದಳು. ಎಲ್ಲವನ್ನೂ ಮತ್ತೆ ಹೊರಗೆ ತೆಗೆಸುವ ಪಾಳಿ ನನ್ನದು.

“ಹಂಗಾರ ಅವ ಯಾಕ ಡಿಸ್ಚಾರ್ಜ್ ಅಂದ?” ಎಂದು ನನ್ನ ಮೇಲೆಯೇ ರೇಗಿದಳು.

“ಕೀವಕ್ಕೂ ಹಂಗ ಅಂತಾರಬೇ.”

“ಕೀವಕ ಕೀವ ಅನ್ನಾಕ ಏನಾಗೇತಿ ಅವಗ? ಬಾಯಾಗ ಹಲ್ಲಿಲ್ಲೇನು?”

ಅವ್ವನ ಅಂಗಾಲಿಗೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದ ಮೊಳೆ ಚುಚ್ಚಿತ್ತು. ಮೊದಲೇ ಸಕ್ಕರೆ ಕಾಯಿಲೆ. ಅರಿಷಿಣ ಮೆತ್ತಿಕೊಂಡು ವಾರಗಟ್ಟಲೆ ಯಾರಿಗೂ ಹೇಳದೆ ತಿರುಗಿದ್ದಳು. ಹೆಬ್ಬೆರಳು ಉಳಿಯುತ್ತದೋ ಇಲ್ಲವೋ ಎನ್ನುವ ಹೊತ್ತಿಗೆ ದವಾಖಾನೆಗೆ ತಂದದ್ದು. ಮೂಡಲಗಿಯಿಂದ ನಾನು ರಜೆ ಹಾಕಿ ಬಂದಿದ್ದೆ. ಅಲ್ಲಿಯ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ.

ಕೂತಲ್ಲಿ ಕೂಡುವ ಜೀವ ನನ್ನದಲ್ಲ. ಕಾಲಿಗೆ ಗಾಲಿ ಕಟ್ಟಿಕೊಂಡು ಹುಟ್ಟಿದಾಕೆ ಎಂದು ಅವ್ವನೇ ಬೈಯುತ್ತಿದ್ದಳು. ಎಷ್ಟೋ ವರ್ಷ ಅವೇ ಪಾಠಗಳನ್ನು ಮಾಡಿ ನಾಲಿಗೆ ಜಡ್ಡುಗಟ್ಟಿದೆ ಅನ್ನಿಸಿ, ಆನ್‌ಲೈನ್ ತರಗತಿ ಹಿಡಿದು ಫ್ರೆಂಚ್ ಕಲಿಯಲು ಶುರು ಮಾಡಿದ್ದೆ. “ಮೂಡಲಗ್ಯಾಗ ಫ್ರೆಂಚ್ ಯಾರ ಕೂಡ ಮಾತಾಡ್ತಿ? ನಮ್ಮ ಹಾಲಿನವನ ಕೂಡ?” ಎಂದು ನಮ್ಮ ಯಜಮಾನರು ಚಾಷ್ಟಿ ಮಾಡುತ್ತಿದ್ದರು. ಯಾರ ಜೊತೆಗೂ ಮಾತಾಡಬೇಕಿರಲಿಲ್ಲ. ಕೈಯಲ್ಲಿ ಏನಾದರೂ ಒಂದು ಇರಬೇಕಿತ್ತು, ಅಷ್ಟೆ. ಕೆಲವರು ಬಸ್ಸು ಕಾಯುವಾಗ ಶೇಂಗಾ ತಿನ್ನುತ್ತಾರೆ, ನಾನು ಶಬ್ದಗಳನ್ನು ತಿನ್ನುತ್ತೇನೆ. ದವಾಖಾನೆಗೂ ಬಟ್ಟೆಯ ಚೀಲದಲ್ಲಿ ಆ ದಪ್ಪ ಇಂಗ್ಲಿಷ್-ಫ್ರೆಂಚ್ ನಿಘಂಟನ್ನು ತಂದಿದ್ದೆ. ಅವ್ವ ಮಧ್ಯಾಹ್ನ ಅದನ್ನು ತನ್ನ ಕಾಲಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು, ಎತ್ತರಕ್ಕೆ ಸರಿಹೋಗುತ್ತಿತ್ತು.

ಅವತ್ತು ಕಾಲಿನ ಕೆಳಗಿನಿಂದ ಅದನ್ನು ಎಳೆದುಕೊಂಡು ಡಿಸ್ಚಾರ್ಜ್ ಶಬ್ದ ತೆಗೆದೆ. ಇಂಗ್ಲಿಷಿನ ಒಂದು ಶಬ್ದದ ಎದುರು ಫ್ರೆಂಚಿನ ದೊಡ್ಡ ಸಂಸಾರವೇ ಇತ್ತು. ಗಾಯದಿಂದ ಬರುವುದಾದರೆ ಎಕೂಲ್ಮಾಂ. ನದಿಯಲ್ಲಿ ಹರಿದುಹೋಗುವ ನೀರಾದರೆ ದೆಬಿ. ವಿದ್ಯುತ್ತು ಹೊರಬಿದ್ದರೆ ದೆಶಾರ್ಜ್. ನೌಕರಿಯಿಂದ ತೆಗೆದರೆ ರಾಂವ್ವಾ. ರೋಗಿ ದವಾಖಾನೆಯಿಂದ ಹೊರಟರೆ ಸೋರ್ತಿ. ಫ್ರೆಂಚರು ಎಷ್ಟು ಅಚ್ಚುಕಟ್ಟಿನ ಜನ ಅನ್ನಿಸಿತು. ಈ ವಾರ್ಡಿನಲ್ಲಿ ಫ್ರೆಂಚ್ ನಡೆಯುತ್ತಿದ್ದರೆ ಅವ್ವನಿಗೆ ಈ ಫಜೀತಿಯೇ ಇರುತ್ತಿರಲಿಲ್ಲ.

ಕೊನೆಯದನ್ನು ಜೋರಾಗಿ ಅಂದುಬಿಟ್ಟೆನೆಂದು ಕಾಣುತ್ತದೆ.

“ಏನ ಸೋರ್ತೈತಿ?” ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ.

“ಸೋರತೈತಿ ಅಲ್ಲಬೇ, ಸೋರ್ತಿ. ದವಾಖಾನಿಂದ ಹೊರಗ ಹೋಗೂದಕ ಫ್ರೆಂಚ್‌ನ್ಯಾಗ ಹಂಗ ಅಂತಾರ.”

“ಹೊರಗ ಹೋಗೂದಕ ಸೋರೂದು ಅಂತಾರ?” ಕಣ್ಣು ತೆರೆದಳು. “ಸೋರೂದು ಅಂದಕೂಡಲೆ ನೆನಪಾತು ನೋಡ. ಮಾಳಗಿ ಮ್ಯಾಲ ಮಣ್ಣ ಹಾಕ್ಸಂತ ನಿನ್ನ ತಮ್ಮಗ ಹೇಳಿದ್ದೆ. ಹಾಕ್ಸ್ಯಾನಿಲ್ಲ ಕೇಳ.”

ಅವ್ವನ ಎಲ್ಲ ಮಾತೂ ತಿರುಗಿ ತಿರುಗಿ ಆ ಮನೆಗೇ ಬಂದು ನಿಲ್ಲುತ್ತಿತ್ತು. ಗೋಕಾಕದಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಳಗೆ ಕಾಲಿಟ್ಟರೆ ಮೊದಲು ಎಮ್ಮೆ, ಆಮೇಲೆ ನಾವು. ಹಿಂದೆ ಒಮ್ಮೆ ಹೊಳೆ ಬಂದಾಗ ಹಿತ್ತಲ ಗೋಡೆ ಕುಸಿದಿತ್ತು, ಮತ್ತೆ ಕಟ್ಟಿಸಿದ್ದೆವು. ತಮ್ಮ ಆಮೇಲೆ ಊರ ಮೇಲಿನ ದಿಣ್ಣೆಯಲ್ಲಿ ಒಂದು ಜಾಗ ಹಿಡಿದು ತಗಡಿನ ಎರಡು ಕೋಣೆ ಹಾಕಿಸಿದ. ಅಲ್ಲಿಗೆ ಹೋಗೋಣ ಎಂದು ಅವನು, ಕಾಲಿಡುವುದಿಲ್ಲ ಎಂದು ಇವಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಗಾದೆ ನಮ್ಮ ಮನೆಯನ್ನು ನೋಡಿಯೇ ಹುಟ್ಟಿರಬೇಕು.

“ಈ ಸಲ ನೀರ ಬಂದ್ರ ಕೀಲಿ ಜಡದಬಿಡೂದ ಯವ್ವಾ,” ಎಂದು ಆ ಬೇಸಿಗೆಯಲ್ಲೇ ತಮ್ಮ ಹೇಳಿಬಿಟ್ಟಿದ್ದ. ಅದು ಅವ್ವನ ಎದೆಯಲ್ಲಿ ಮೊಳೆಗಿಂತ ಆಳಕ್ಕೆ ಹೋಗಿತ್ತು. ತಾನು ಮನೆಯಲ್ಲಿದ್ದರೆ ಅವನು ಬೀಗ ಹಾಕಲಾರ. ತಾನು ಇಲ್ಲದಾಗ ಹೊಳೆ ಬಂದರೆ ಹಾಕಿಯೇ ಹಾಕುತ್ತಾನೆ, ಆಮೇಲೆ ತನ್ನನ್ನು ನೆಟ್ಟಗೆ ತಗಡಿನ ಕೋಣೆಗೆ ಇಳಿಸುತ್ತಾನೆ. ಇದು ಅವಳ ಲೆಕ್ಕ. ಹೊರಗೆ ಶ್ರಾವಣದ ಜಡಿಮಳೆ. ಹೊಳೆ ಮುಟ್ಟುವ ಮೊದಲು ತಾನು ಮನೆ ಮುಟ್ಟಬೇಕು, ಅದೊಂದೇ ಅವಳ ತಲೆಯಲ್ಲಿ. ಹೆಬ್ಬೆರಳು ಹೋದರೂ ಚಿಂತೆಯಿಲ್ಲ ಎಂದು ನರ್ಸ್‌ಗೂ ಹೇಳಿದ್ದಳು.

ಶಬ್ದದ ಅರ್ಥ ತಿಳಿದ ಮೇಲೆ ಅವ್ವ ಅದನ್ನು ಸುಮ್ಮನೆ ಬಿಡಲಿಲ್ಲ. ಮರುದಿನ ಡಾಕ್ಟರು ಬಾಗಿಲಲ್ಲಿ ಕಾಣಿಸಿದ್ದೇ ತಡ, “ಡಿಸ್ಚಾರ್ಜ್ ಇಲ್ರಿ ಸಾಹೇಬ್ರ, ಒಣಗಿ ಕೊಡ್ಡ ಆಗೇತ್ರಿ! ಅದಕ ಡಿಸ್ಚಾರ್ಜ್ ಮಾಡ್ರಿ!” ಎಂದು ಕೂಗಿದಳು. ಡಾಕ್ಟರು ನನ್ನ ಮುಖ ನೋಡಿದ. ನರ್ಸ್ ಪಟ್ಟಿ ಬಿಚ್ಚಿದಳು. ಹತ್ತಿ ಒದ್ದೆಯಾಗಿತ್ತು. ಅವ್ವ ಛತ್ತಿನ ಫ್ಯಾನು ನೋಡುತ್ತ ಮಲಗಿದಳು. ನಗು ತಡೆಯಲಾಗದೆ ನಾನು ಹೊರಗೆ ಹೋದೆ, ಹೊರಗೆ ಹೋದ ಮೇಲೆ ನಗು ಬರಲಿಲ್ಲ.

ಹುಕ್ಕೇರಿಯ ಮಾಮಾನ ಫೋನು ಶುರುವಾದದ್ದು ಆವಾಗ. ಮಾಮಾ ಅವ್ವನ ತಮ್ಮ. ಅವನ ಹೊಲ ನಮ್ಮ ಹೊಳೆಗೆ ಮೇಲ್ಗಡೆ ಕಟ್ಟಿದ ಹಿಡಕಲ್ ಡ್ಯಾಮಿನ ಹಿನ್ನೀರಿನ ಕಡೆಗಿದೆ. ಡ್ಯಾಮಿನಲ್ಲಿ ಎಷ್ಟು ನೀರು ಬಂತು, ಗೇಟು ಎತ್ತಿದರೋ ಇಲ್ಲವೋ ಎನ್ನುವುದು ಅವನಿಗೆ ಮೊದಲು ಗೊತ್ತಾಗುತ್ತದೆ. ಗೊತ್ತಾದದ್ದನ್ನು ಬಳಗಕ್ಕೆಲ್ಲ ಮುಟ್ಟಿಸದಿದ್ದರೆ ಅವನಿಗೆ ಊಟ ಸೇರುವುದಿಲ್ಲ. “ಘಟ್ಟದಾಗ ಮಳಿ ಭಾಳ ಐತವ್ವಾ. ಒಳಹರಿವು ಜೋರ ಐತಿ. ಇನ್ನೂ ಡಿಸ್ಚಾರ್ಜ್ ಮಾಡಿಲ್ಲ, ಮಾಡತಾರ,” ಎನ್ನುತ್ತಿದ್ದ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು, ಅವ್ವನಿಗೆ ಬೆನ್ನು ಮಾಡಿ, ಹೂಂ ಹೂಂ ಎನ್ನುತ್ತಿದ್ದೆ. ಅವಳಿಗೆ ಹೇಳುವುದು ಹೇಗೆ? ಹೇಳಿದರೆ ಆ ಕಾಲಿನಲ್ಲೇ ಎದ್ದು ನಡೆಯುವವಳು.

ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಅಲೆದೆ. ಗೋಕಾಕಕ್ಕೆ ಫೋನು ಮಾಡಿದರೆ ತಮ್ಮನದು ಸ್ವಿಚ್ ಆಫ್. ಅಲ್ಲಿ ಕರೆಂಟು ಹೋಗಿ, ಫೋನೂ ಡಿಸ್ಚಾರ್ಜ್ ಆಗಿರಬೇಕು. ನೋಡಿ, ಮತ್ತದೇ ಶಬ್ದ. ಗಾಯಕ್ಕೆ, ಡ್ಯಾಮಿಗೆ, ಫೋನಿಗೆ, ಅವ್ವನಿಗೆ. ಸಿಟ್ಟು ಬಂತು ನನಗೆ, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ನಿಘಂಟು ತೆಗೆದು ದೆಬಿ ಎಂಬುದರ ಕಾಗುಣಿತ ನೋಡಿದೆ. ನಮ್ಮ ಬ್ಯಾಂಕಿನ ಮೆಸೇಜಿನಲ್ಲಿ ಬರುವ ಡೆಬಿಟ್‌ನ ಅಕ್ಷರಗಳೇ. ಹೋಗುವುದಷ್ಟೇ ಅದಕ್ಕೆ ಗೊತ್ತು, ತಿರುಗಿ ಬರುವುದು ಗೊತ್ತಿಲ್ಲ. ಪುಸ್ತಕ ಮುಚ್ಚಿ ಅವ್ವನ ಕಾಲಿನ ಕೆಳಗೆ ಇಟ್ಟೆ.

ಆಮೇಲಿನ ದಿನ ಮಧ್ಯಾಹ್ನ, ವಾರ್ಡಿನ ಒಂದೇ ಒಂದು ಪ್ಲಗ್ಗಿನಲ್ಲಿ ನನ್ನ ಫೋನು ಚುಚ್ಚಿ, ಚಹಾ ತರಲು ಕೆಳಗೆ ಹೋದೆ. ಕಪ್ಪು ಹಿಡಿದು ತಿರುಗಿ ಬಂದಾಗ ವಾರ್ಡಿನಲ್ಲಿ ಸಣ್ಣ ಜಾತ್ರೆಯೇ ನೆರೆದಿತ್ತು. ಅವ್ವ ದವಾಖಾನೆಯ ಬಟ್ಟೆ ಬಿಚ್ಚಿ ತನ್ನ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ತಲೆ ಬಾಚಿ, ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ತಮ್ಮ ತಂದಿಟ್ಟಿದ್ದ ಕರದಂಟಿನ ಡಬ್ಬಿ ಮಂಚದಿಂದ ಮಂಚಕ್ಕೆ ಓಡಾಡುತ್ತಿತ್ತು. ಬಾಜೂ ಮಂಚದ ಮುದುಕಿ ಅವ್ವನ ಕೈ ಹಿಡಿದು, “ನಮ್ಮನ್ನ ಮರೀಬ್ಯಾಡ್ರಿ,” ಎನ್ನುತ್ತಿದ್ದಳು.

“ಎಲ್ಲಿ ಹೋಗಿದ್ದಿಬೇ? ಬಾ, ಚೀಲಾ ಹಿಡಿ. ಡಿಸ್ಚಾರ್ಜ್ ಮಾಡ್ಯಾರ,” ಎಂದಳು ಅವ್ವ. ಎಷ್ಟೋ ದಿನದ ಮೇಲೆ ಅವಳ ಮುಖ ಹಾಗೆ ಬೆಳಗಿದ್ದನ್ನು ನೋಡಿದೆ.

“ಯಾರ ಹೇಳಿದ್ರು? ಡಾಕ್ಟರ ಬಂದಿದ್ರ?”

“ನಿನ್ನ ಮಾಮಾ ಫೋನ್ ಮಾಡಿದ್ದ. ಈ ಹುಡುಗಿ ಹಚ್ಚಿ ಕೊಟ್ಲು,” ಎಂದು ನರ್ಸ್ ಕಡೆ ತೋರಿಸಿದಳು. “ಅಕ್ಕಾ, ಡಿಸ್ಚಾರ್ಜ್ ಮಾಡ್ಯಾರ, ಸಂಜಿ ಅನ್ನೂದರಾಗ ಗೋಕಾಕ ಮುಟ್ಟೂದ ಅಂದ. ಅಂವ ಎಲ್ಲಿ ಯಾರ್ನ ಹಿಡದ ಮಾಡಿಸಿದ್ನೋ ಪುಣ್ಯಾತ್ಮ. ನಾ ಖುಷಿಗೆ ಫೋನ್ ಇಟ್ಟಬಿಟ್ಟೆ.”

ಚಹಾದ ಕಪ್ಪು ಕೈಯಲ್ಲಿ ಸುಡುತ್ತಿತ್ತು. ಕೆಳಗಿಡಬೇಕು ಎಂದು ಹೊಳೆಯಲಿಲ್ಲ. ಮಾಮಾನಿಗೆ ಫೋನು ಹಚ್ಚಿದೆ. ಅವನು ಒಂದೇ ಉಸಿರಿಗೆ ಹೇಳಿದ, ಗೇಟು ಎಲ್ಲ ಎತ್ತಿದ್ದಾರೆ, ಹಿರಣ್ಯಕೇಶಿ ಹೊಳೆಯೂ ತುಂಬಿ ಬಂದು ಕೂಡುತ್ತಿದೆ, ಸಂಜೆಗೆ ಗೋಕಾಕದ ಓಣಿಗಳಿಗೆ ನೀರು ಬರುತ್ತದೆ, ಲೋಳಸೂರ ಬ್ರಿಜ್ಜಿನ ಮೇಲೆ ಬಂದರೆ ರಸ್ತೆ ಬಂದ್. ತಮ್ಮ ಯಾರದೋ ಫೋನಿನಿಂದ ಮಾತಾಡಿದ್ದಾನೆ, ಎಮ್ಮೆ ಹೊಡೆದುಕೊಂಡು, ಹೆಂಡತಿಯನ್ನು ಕರೆದುಕೊಂಡು ದಿಣ್ಣೆ ಹತ್ತುತ್ತಿದ್ದಾನೆ. “ಅಕ್ಕಗ ಹೇಳೇನಲ್ಲ, ಭಾಳ ಧೈರ್ಯದಾಕಿ ಬಿಡ. ಚಲೋ ಆತು ಚಲೋ ಆತು ಅಂದ್ಳು!” ಎಂದ.

ಇನ್ನು ನಾನು ಹೇಳಬೇಕಿತ್ತು. ಮೂರು ಭಾಷೆ ಬಲ್ಲವಳು. ಒಂದು ಭಾಷೆಯಲ್ಲೂ ಬಾಯಿ ಬರಲಿಲ್ಲ. ಅವ್ವ ಚಪ್ಪಲಿಗಾಗಿ ಮಂಚದ ಕೆಳಗೆ ಕೋಲಾಡಿಸುತ್ತಿದ್ದಳು. ಅವಳ ಎದುರು ಕುಕ್ಕುರುಗಾಲಲ್ಲಿ ಕೂತೆ.

“ಅವ್ವಾ, ಬಿಟ್ಟಿದ್ದ ನಿನ್ನಲ್ಲಬೇ. ನೀರ ಬಿಟ್ಟಾರ.”

ಅವಳಿಗೆ ಇಂಗ್ಲಿಷಿನ ಮುಸುಕು ತೆಗೆದು ಹೇಳಿದ ಮಾತು ಒಂದೇ ಏಟಿಗೆ ತಿಳಿಯಿತು. ಕೋಲು ಅಲ್ಲೇ ನಿಂತಿತು. ಬಾಯಲ್ಲಿ ಕರದಂಟು ಇಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿದರು. ಅವ್ವ ಅಳಲಿಲ್ಲ. ಕೂಗಾಡುತ್ತಾಳೆ ಎಂದು ಹೆದರಿದ್ದೆ, ಅದೂ ಇಲ್ಲ. “ನನಗಿಂತ ಮೊದಲ ಅದ ಮುಟ್ಟಿತು ಹಂಗಾರ,” ಎಂದಳು. ಆ ಸೀರೆಯಲ್ಲೇ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಅವ್ವನ ಬೆನ್ನು ನೋಡುತ್ತ ಕೂತಾಗ ನನಗೆ ಹೊಳೆದದ್ದು ಇದು. ಫ್ರೆಂಚಿನಂತೆ ನಮಗೂ ಬೇರೆ ಬೇರೆ ಶಬ್ದಗಳಿವೆ ಎಂದು ನಾನು ಸುಮ್ಮನೆ ತಿಳಿದಿದ್ದೆ. ಇಲ್ಲ. ನೀರು ಬಿಟ್ಟರು ಎನ್ನುತ್ತೇವೆ, ದವಾಖಾನೆಯಿಂದ ಬಿಟ್ಟರು ಎನ್ನುತ್ತೇವೆ, ಜೈಲಿನಿಂದ ಬಿಟ್ಟರು, ಸಾಲೆ ಬಿಟ್ಟಿತು, ಬಸ್ಸು ಬಿಟ್ಟಿತು. ಮಾಮಾ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ “ಬಿಟ್ಟಾರ ಅಕ್ಕಾ” ಎಂದಿದ್ದರೂ ಅವ್ವ ಅದೇ ಸೀರೆ ಉಡುತ್ತಿದ್ದಳು, ಅದೇ ಕರದಂಟು ಹಂಚುತ್ತಿದ್ದಳು. ಡಾಕ್ಟರನ ಮೇಲೆ, ಮಾಮಾನ ಮೇಲೆ, ಇಂಗ್ಲಿಷಿನ ಮೇಲೆ ಸಿಟ್ಟು ಮಾಡಿಕೊಂಡದ್ದು ಎಲ್ಲ ದಂಡ.

ಬ್ರಿಜ್ಜು ಮುಳುಗಿತು. ನಾವು ಈ ದಂಡೆ, ಮನೆ ಆ ದಂಡೆ. ಮಳೆ ನಿಂತು ಬಿಸಿಲು ಬಿದ್ದರೂ ಹೊಳೆ ಇಳಿಯಲಿಲ್ಲ. ಆ ದಿನಗಳಲ್ಲಿ ವಾರ್ಡಿನ ವರಾಂಡವನ್ನು ನಾನು ತುಳಿದಷ್ಟು ಯಾರೂ ತುಳಿದಿರಲಾರರು. ಬ್ರಿಜ್ಜಿನ ವಿಡಿಯೋಗಳು ಫೋನಿಗೆ ಬರುತ್ತಿದ್ದವು, ಒಂದೊಂದನ್ನೂ ಹಿಗ್ಗಿಸಿ ನಮ್ಮ ಓಣಿ ಕಾಣುತ್ತದೆಯೇ ಎಂದು ಹುಡುಕುತ್ತಿದ್ದೆ. ಅವ್ವ ಮಾತ್ರ ಕೇಳಿದ ಮಾತಿಗೆ ಹೂಂ, ಕೊಟ್ಟ ಗುಳಿಗೆಗೆ ಬಾಯಿ. ಹಟ ಬಿಟ್ಟ ಅವ್ವನನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಭಯವಾದದ್ದು ಅದಕ್ಕೆ, ಹೊಳೆಗಲ್ಲ. ಗಾಯ ಮಾತ್ರ ಒಣಗತೊಡಗಿತು. ಹೆಬ್ಬೆರಳು ಉಳಿಯಿತು.

ಒಂದು ಬೆಳಿಗ್ಗೆ ಡಾಕ್ಟರು ನಗುತ್ತ ಬಂದು, ಈ ಸಲ ಎಚ್ಚರದಿಂದ, ಬಿಡಿಸಿ ಬಿಡಿಸಿ ಹೇಳಿದ: “ಅಜ್ಜಿ, ಮನೆಗೆ ಹೋಗಬಹುದು.”

“ಯಾವ ಮನೀಗ್ರಿ?” ಎಂದಳು ಅವ್ವ.

ಪಾಪ, ಆ ಹುಡುಗ ಮತ್ತೆ ನನ್ನ ಮುಖ ನೋಡಿದ. ನಾನು ಅವಳನ್ನು ಮೂಡಲಗಿಗೆ ಕರೆತಂದೆ. ನಮ್ಮವರು ಕುರ್ಚಿ ಹಾಕಿದರು, ಹಾಸಿಗೆ ಹಾಸಿದರು, ಟೀವಿ ಹಚ್ಚಿದರು. ಅವಳು ಚೀಲ ಬಿಚ್ಚಲಿಲ್ಲ. ನೆಂಟರ ಮನೆಗೆ ಬಂದವರಂತೆ ಬಾಗಿಲ ಬಳಿ ಅದನ್ನು ಇಟ್ಟುಕೊಂಡೇ ಕೂತಳು. ತಮ್ಮನ ಫೋನು ಬಂತು, ಸ್ಪೀಕರ್ ಹಾಕಿದೆ.

“ನೀರ ಇಳದೈತಿ ಯವ್ವಾ. ಕಿಡಕಿ ಮಟಾ ಬಂದಿತ್ತು. ಹಿತ್ತಲ ಗ್ವಾಡಿ ಮತ್ತ ಬಿದ್ದೈತಿ. ಮಾಳಗಿ ಕುಂತೈತಿ. ನಾ ಒಂದ ಕೀಲಿ ಹಾಕಿ ಬರ್ತೇನಿ. ನೀ ಅಕ್ಕನ ಕಡೆ ಆರಾಮ ಇದ್ದ, ನೆಟ್ಟಗ ದಿಣ್ಣಿ ಮ್ಯಾಲ ಬಾ.”

ಅವ್ವ ಲೆಕ್ಕ ಹಾಕಿದ್ದು ಅಕ್ಷರಕ್ಕೆ ಅಕ್ಷರ ಹಾಗೆಯೇ ಬಂತು. ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಯಿಗೆ ಹತ್ತಿರ ಹಿಡಿದಳು.

“ಕೇಳೋ ಇಲ್ಲೆ. ಹೊಳೀನ ಯಾರೋ ಬಿಟ್ರು. ನನ್ನ ದವಾಖಾನ್ಯಾಗಿಂದ ಯಾರೋ ಬಿಟ್ರು. ಎಲ್ಲಾ ಮಂದೀನ ಬಿಡೂದೇನ? ಆ ಮನಿ ಬಿಡಾಕಿ ನಾನು. ನಾ ಬರೂತನಾ ಕೀಲಿ ಮುಟ್ಟಬ್ಯಾಡ.”

ತಮ್ಮ ಹೂಂ ಎಂದ.

ಬ್ರಿಜ್ಜು ತೆರೆದ ಮೇಲೆ ರಿಕ್ಷಾ ಮಾಡಿಕೊಂಡು ಹೋದೆವು. ಕಬ್ಬಿನ ಹೊಲಗಳು ಕೆಸರು ಮೆತ್ತಿಕೊಂಡು ಒಂದೇ ಕಡೆಗೆ ಮಲಗಿದ್ದವು. ಓಣಿಯ ತುದಿಗೇ ರಿಕ್ಷಾ ನಿಂತಿತು. ಪಟ್ಟಿ ಕಟ್ಟಿದ ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಒಂದು ಕೈ ನನ್ನ ಹೆಗಲಿಗೆ, ಒಂದು ಕೈ ಕೋಲಿಗೆ ಕೊಟ್ಟು ಅವ್ವ ಇಳಿದು ನಡೆದಳು. ತಮ್ಮ ಬಾಗಿಲಲ್ಲಿ ನಿಂತಿದ್ದ. ಹೊಸ ಕೀಲಿ ಅವನ ಕೈಯಲ್ಲಿತ್ತು, ಅದನ್ನು ಬೆನ್ನ ಹಿಂದೆ ಮಾಡಿದ.

ಒಳಗೆ ಎಮ್ಮೆಯ ಗೋದಲಿಯಲ್ಲಿ ಕೆಸರು, ಅಡಿಗೆಮನೆಯಲ್ಲಿ ಕೆಸರು, ಹಿತ್ತಲ ಗೋಡೆಯಿದ್ದ ಕಡೆ ನೆಟ್ಟಗೆ ಆಕಾಶ. ಹೋಗಬೇಡ ಎಂದರೂ ಕೇಳದೆ ಅವ್ವ ಒಲೆಯ ತನಕ ಹೋದಳು. ಕೋಲಿನ ತುದಿಯಿಂದ ಒಲೆಯ ಬಾಯಿಯ ಕೆಸರು ಬಳಿದು ತೆಗೆದಳು. ಒಂದಿಷ್ಟು ವಿಭೂತಿ ಅದರ ಗುಂಡಿನ ಮೇಲೆ ಹಚ್ಚಿದಳು. ಗೋಡೆಯ ಮೇಲೆ ನೀರು ಬಂದು ನಿಂತ ಗೆರೆಯನ್ನು ಕೈಯಿಂದ ಒರೆಸಿ ನೋಡಿದಳು, ಹೋಗಲಿಲ್ಲ. ನಾನೂ ತಮ್ಮನೂ ಬಾಗಿಲಲ್ಲೇ ನಿಂತಿದ್ದೆವು. ಫೋನಿನಲ್ಲಿ ಏನೇ ಅಂದಿದ್ದರೂ ಈಗ ಕೂತುಬಿಡುತ್ತಾಳೆ, ಇನ್ನು ಏಳಿಸಲಾಗುವುದಿಲ್ಲ ಎಂದು ಇಬ್ಬರಿಗೂ ಖಾತ್ರಿಯಿತ್ತು.

ಅವಳು ಕೂಡಲಿಲ್ಲ. ಹೊಸ್ತಿಲು ದಾಟಿ ಹೊರಗೆ ಬಂದು, ತಮ್ಮನ ಎದುರು ಕೈ ಚಾಚಿದಳು.

“ಕೊಡ ಇಲ್ಲೆ ಕೀಲಿ.”

ಕದ ಉಬ್ಬಿತ್ತು, ಎಳೆದರೂ ಸರಿಯಾಗಿ ಕೂಡಲಿಲ್ಲ. ತಮ್ಮ ಕೈ ಹಚ್ಚಲು ಹೋದರೆ ಕಣ್ಣಲ್ಲೇ ತಡೆದಳು. ಭುಜದಿಂದ ಒತ್ತಿ, ಚಿಲಕ ಸಿಕ್ಕಿಸಿ, ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿದಳು. ಕೀಲಿಕೈಯನ್ನು ನಡುವಿಗೆ ಸಿಕ್ಕಿಸಿಕೊಂಡಳು. ತಮ್ಮ ಮುಖ ಆ ಕಡೆ ಮಾಡಿ ಕಣ್ಣು ಒರೆಸಿಕೊಂಡ. ಇಷ್ಟು ದಿನ ಈ ಕೀಲಿಗಾಗಿ ಜಗಳ ತೆಗೆದವನು ಅವನೇ.

ಅವ್ವ ನನ್ನ ಕಡೆ ತಿರುಗಿದಳು.

“ಈಗ ಆತ ನೋಡವಾ, ನಂದ ಡಿಸ್ಚಾರ್ಜ್.”

ನನ್ನ ಹೆಗಲ ಮೇಲೆ ಕೈಯಿಟ್ಟು ಓಣಿ ಹತ್ತತೊಡಗಿದಳು. ಯಾವತ್ತೂ ಎಲ್ಲರಿಗಿಂತ ಮುಂದೆ ಓಡುವ ನಾನು ಅವತ್ತು ಅವಳ ಹೆಜ್ಜೆಗೆ ಹೆಜ್ಜೆ ಹಾಕಿದೆ. ಮೇಲೆ ದಿಣ್ಣೆಯ ಕಡೆಯಿಂದ ನಮ್ಮ ಎಮ್ಮೆ ಒದರುವುದು ಕೇಳುತ್ತಿತ್ತು.